ಮೂಲೆ ಗುಂಡಗಾಗುವ ಮುನ್ನ

ತುಳಸಿ ಹಬ್ಬ ಕಳೆದು ಮದುವೆಯ ಸೀಸನ್ ಶುರುವಾಗಿದೆ. ಬೆಂಗಳೂರಿನ ಸುಲ್ತಾನ್‌ಪೇಟೆಯ ಓಣಿಗಳಲ್ಲಿ ಈಗ ಓಡಾಡುವುದೆಂದರೆ ಕಾಗದದ ರೀಮುಗಳ ನಡುವೆ ನುಸುಳುವುದು. ಗೂಡ್ಸ್ ಆಟೋದಿಂದ ಇಳಿಸಿದ ಬಂಡಲ್‌ಗಳನ್ನು ಹಮಾಲರು ತಲೆಯ ಮೇಲೆ ಹೊತ್ತು ‘ಸೈಡು, ಸೈಡು’ ಎನ್ನುತ್ತ ಸಾಗುತ್ತಾರೆ. ಒಂದು ಮಳಿಗೆಯಿಂದ ಕಟಿಂಗ್ ಮಷೀನಿನ ದಪ್ಪ ಸದ್ದು, ಇನ್ನೊಂದರಿಂದ ಲ್ಯಾಮಿನೇಷನ್ ರೋಲರಿನ ಬಿಸಿ ಪ್ಲಾಸ್ಟಿಕ್ ವಾಸನೆ. ಗಾಜಿನ ಹಿಂದೆ ಜರಿ ಬಣ್ಣದ ಆಮಂತ್ರಣ ಪತ್ರಿಕೆಗಳು ಸಾಲಾಗಿ ನಿಂತಿವೆ. ಗಮನವಿಟ್ಟು ನೋಡಿದರೆ ಇಲ್ಲಿಂದ ಹೊರಬೀಳುವ ಸರಕಿನಲ್ಲಿ ಚೂಪು ಮೂಲೆಯದಕ್ಕಿಂತ ಗುಂಡು ಮೂಲೆಯದೇ ಹೆಚ್ಚೇನೋ ಎನ್ನಿಸುತ್ತದೆ. ವಿಸಿಟಿಂಗ್ ಕಾರ್ಡು, ಶಾಲೆಯ ಐಡಿ ಕಾರ್ಡು, ದರ್ಶಿನಿಗಳ ಮೆನು, ಬಟ್ಟೆಯಂಗಡಿಯ ಟ್ಯಾಗು, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು. ಕೈಗೆ ಚುಚ್ಚುವುದಿಲ್ಲ, ಜೇಬಿನಲ್ಲಿ ಮಡಚಿಕೊಳ್ಳುವುದಿಲ್ಲ, ನೋಡಲೂ ಸೌಮ್ಯ.

ಇಂಥದೊಂದು ಓಣಿಯ ಮೊದಲ ಮಹಡಿ. ಕಡಿದಾದ ಮೆಟ್ಟಿಲು ಹತ್ತಿದರೆ ಡಿಟಿಪಿ ಕೋಣೆ. ಎರಡು ಕಂಪ್ಯೂಟರು, ಗೋಡೆಗೆ ಬಣ್ಣಗಳ ಚಾರ್ಟು, ಮೇಜಿನ ಮೇಲೆ ಸ್ಟೀಲ್ ಸ್ಕೇಲು, ಯಾರು ಯಾರೋ ಬಿಟ್ಟುಹೋದ ಪೆನ್‌ಡ್ರೈವ್‌ಗಳು ತುಂಬಿದ ಒಂದು ಪ್ಲಾಸ್ಟಿಕ್ ಡಬ್ಬಿ. ಪರದೆಯ ಮೇಲೆ ಕೋರೆಲ್‌ಡ್ರಾ ತೆರೆದಿದೆ. ನಮ್ಮ ಪ್ರಿಂಟಿಂಗ್ ಓಣಿಗಳ ಮನೆಮಾತು ಅದೇ. ಇಲ್ಲಸ್ಟ್ರೇಟರ್ ಬಲ್ಲವರಿದ್ದರೂ ಫೈಲು ಕೇಳುವಾಗ ‘ಸಿಡಿಆರ್ ಕಳಿಸಿ’ ಎನ್ನುವುದೇ ರೂಢಿ. ಕುರ್ಚಿಯಲ್ಲಿ ಇಪ್ಪತ್ತೈದು ದಾಟಿದ ಹುಡುಗ. ಅವನ ಪಕ್ಕದ ಸ್ಟೂಲಿನಲ್ಲಿ, ರಾತ್ರಿ ಬಸ್ಸಿಳಿದು ಬಂದ ಶಿರಸಿ ಕಡೆಯ ಹೆಂಗಸು. ಇಲ್ಲಿನ ಭಾಷೆಯಲ್ಲಿ ಅವರು ‘ಪಾರ್ಟಿ’. ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟಿದ್ದಾರೆ. ಅವರ ಸ್ತ್ರೀ ಶಕ್ತಿ ಸಂಘದ ಜೇನುತುಪ್ಪ. ಅಂಟಿಸಿದ ಹಳದಿ ಲೇಬಲ್ಲಿನ ನಾಲ್ಕೂ ಮೂಲೆ ಮೇಲೆದ್ದು ಸುರುಳಿ ಸುತ್ತಿದೆ. ಎದ್ದ ಕಡೆಯೆಲ್ಲ ಅಂಟಿಗೆ ದೂಳು ಮೆತ್ತಿ ಕಪ್ಪಾಗಿದೆ.

“ಅಲ್ಲ ತಮಾ, ಹಳೇ ಫೈಲೇ ಅಡ್ಡಿಲ್ಲೆ. ಮೂಲೆ ಒಂದು ಗುಂಡಗೆ ಕತ್ತರಿಸಿ ಕೊಟ್ರೆ ಸಾಕು.”

“ಕತ್ತರಿಸೋದು ಆಮೇಲೆ ಅಕ್ಕಾ. ಮೊದಲು ಫೈಲ್ ನೋಡೋಣ ಇರಿ.”

ಅಕ್ಕನ ಬೇಡಿಕೆ ನ್ಯಾಯವಾದದ್ದೇ. ಚೂಪು ಮೂಲೆಗೆ ಅಂಟಿನ ಆಸರೆ ಕಡಿಮೆ, ತಾಗುವ ಕೈ ಹೆಚ್ಚು. ಉಬ್ಬಿದ ಗಾಜಿನ ಮೇಲೆ ಮೊದಲು ಏಳುವುದು ಆ ತುದಿಯೇ. ಸ್ಟಿಕ್ಕರ್ ತಯಾರಿಸುವವರಿಗೆ ಇನ್ನೂ ಒಂದು ಕಾರಣವಿದೆ. ಲೇಬಲ್ಲುಗಳನ್ನು ಹಾಫ್ ಕಟ್ ಮಾಡುತ್ತಾರೆ. ಅಂದರೆ ಅಲಗು ಮೇಲಿನ ಸ್ಟಿಕ್ಕರನ್ನಷ್ಟೇ ಸೀಳಿ ಕೆಳಗಿನ ರಿಲೀಸ್ ಪೇಪರನ್ನು ಉಳಿಸಬೇಕು. ಆಮೇಲೆ ಲೇಬಲ್ಲುಗಳ ಸುತ್ತಲಿನ ವೇಸ್ಟನ್ನು ಒಂದೇ ಜಾಲರಿಯಂತೆ ಎತ್ತಿ ಎಳೆಯುತ್ತಾರೆ. ಮೂಲೆ ಚೂಪಾಗಿದ್ದರೆ ಎಳೆತವೆಲ್ಲ ಆ ಒಂದು ಬಿಂದುವಿಗೆ ಬಿದ್ದು, ಅಂಗಿಯ ಜೇಬು ಮೂಲೆಯಲ್ಲೇ ಮೊದಲು ಹರಿಯುವ ಹಾಗೆ, ಜಾಲರಿ ಅಲ್ಲೇ ಹರಿದು ತುಂಡಾಗುತ್ತದೆ. ಗುಂಡಗಿದ್ದರೆ ಎಳೆತ ಹಂಚಿಹೋಗುತ್ತದೆ, ಜಾಲರಿ ಇಡಿಯಾಗಿ ಏಳುತ್ತದೆ.

ಫೈಲು ತೆರೆಯಿತು. 90 ಮಿ.ಮೀ. ಅಗಲ, 60 ಮಿ.ಮೀ. ಎತ್ತರದ ಹಳದಿ ಚೌಕ. ಅಂಚಿನಿಂದ ಎಲ್ಲ ಕಡೆಯೂ 3 ಮಿ.ಮೀ. ಬಿಟ್ಟು ಅಕ್ಷರಗಳು. ಕೆಳಗೆ ಬಲ ಮೂಲೆಯಲ್ಲಿ ‘500 ಗ್ರಾಂ’. ಹುಡುಗ ಮಾತಾಡದೆ ಆ ಚೌಕದ ಮೂಲೆಗೆ 10 ಮಿ.ಮೀ. ತ್ರಿಜ್ಯ ಕೊಟ್ಟ. ಅಕ್ಕ ಕೇಳಿದ್ದು ಅಷ್ಟೇ ದುಂಡಗೆ. ಕತ್ತರಿಸುವ ಗೆರೆ ‘ಗ್ರಾಂ’ನ ಕೆಳಗಿಳಿದ ರಕಾರದ ಒತ್ತನ್ನು ಸೀಳಿಕೊಂಡು ಹೋಯಿತು.

ಲೆಕ್ಕ ಸರಳ. 3 ಮಿ.ಮೀ. ಒಳಗಿರುವ ಅಕ್ಷರದ ಚೌಕಟ್ಟಿನ ಮೂಲೆಗೂ 10 ಮಿ.ಮೀ. ತ್ರಿಜ್ಯದ ಕಂಸಕ್ಕೂ ನಡುವೆ ಉಳಿಯುವ ಜಾಗ 0.1 ಮಿ.ಮೀ. ಮಾತ್ರ. ಬದಿಗಳಲ್ಲಿ ಮೂರು ಮಿಲಿಮೀಟರು ಆರಾಮಾಗಿ ಕಾಣುತ್ತದೆ, ಮೂಲೆಯಲ್ಲಿ ಏನೂ ಉಳಿದಿಲ್ಲ. ಅಲ್ಲೂ ಮೂರು ಮಿಲಿಮೀಟರು ಉಳಿಯಬೇಕಾದರೆ ಚೌಕಟ್ಟನ್ನು ಅಂಚಿನಿಂದ 5 ಮಿ.ಮೀ.ಗಿಂತ ತುಸು ಹೆಚ್ಚೇ ಒಳಗೆ ತರಬೇಕು. ತ್ರಿಜ್ಯ ದೊಡ್ಡದಾದಷ್ಟೂ ಅದು ನುಂಗುವುದೂ ದೊಡ್ಡದು. ಕರ್ಣದ ದಿಕ್ಕಿನಲ್ಲಿ ಅಳೆದರೆ ತ್ರಿಜ್ಯದ ಶೇ. 41ರಷ್ಟು ಕಾಗದ ಹೋಗುತ್ತದೆ. 10 ಮಿ.ಮೀ. ಮೂಲೆಯಲ್ಲಿ 4 ಮಿ.ಮೀ.ಗೂ ಹೆಚ್ಚು, 5 ಮಿ.ಮೀ. ಮೂಲೆಯಲ್ಲಿ 2 ಮಿ.ಮೀ.ಗೂ ಹೆಚ್ಚು.

ಇದು ಯಾವ ಭಾಷೆಯ ಲೇಬಲ್ಲಿಗೂ ಅನ್ವಯಿಸುವ ಲೆಕ್ಕ. ಕನ್ನಡಕ್ಕೆ ಇನ್ನೊಂದು ಲೆಕ್ಕ ಸೇರುತ್ತದೆ, ನನಗೆ ಮುಖ್ಯವೆನ್ನಿಸುವುದು ಅದೇ. ನಮ್ಮ ಅಕ್ಷರಗಳ ಬದುಕು ಸಾಲಿನ ಮೇಲೆ ಎಷ್ಟೋ ಕೆಳಗೂ ಅಷ್ಟೇ. ‘ಶುದ್ಧ ಜೇನುತುಪ್ಪ’ ಎಂಬ ಎರಡೇ ಮಾತಿನಲ್ಲಿ ಎರಡು ಒತ್ತು ತೂಗುತ್ತವೆ. ‘ಸ್ತ್ರೀ’ ಎಂದು ಬರೆದರೆ ಸಕಾರದ ಕೆಳಗೆ ತಕಾರದ ಒತ್ತು, ಅದರ ಬಗಲಿಗೋ ಕೆಳಗೋ ರಕಾರದ ಒತ್ತು. ಮೇಲಿನ ಅಕ್ಷರದ ಬುಡ ನೋಡಿ ಗೆರೆ ಎಳೆದು ಸಾಲು ಕೂರಿಸುವ ಡಿಸೈನರ್ ಈ ಕೆಳಮನೆಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಚೂಪು ಮೂಲೆಯಲ್ಲಿ ಅದು ಹೇಗೋ ಬಚಾವಾಗುತ್ತಿತ್ತು. ಗುಂಡು ಮೂಲೆಯಲ್ಲಿ ಮೊದಲ ಬಲಿ ಅದೇ. ಒತ್ತು ಹೋದರೆ ಅಕ್ಷರದ ಅಂದವಷ್ಟೇ ಹೋಗುವುದಿಲ್ಲ, ಅಕ್ಷರವೇ ಬೇರೆಯಾಗುತ್ತದೆ. ಅಂಗಡಿಯ ಶೆಲ್ಫಿನಲ್ಲಿ ಒತ್ತು ಕಳೆದುಕೊಂಡು ನಿಂತ ಕನ್ನಡ ಲೇಬಲ್ಲು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದನ್ನು ತಪ್ಪಿಸಲು ಖರ್ಚಿಲ್ಲ. ಕತ್ತರಿಸುವ ಗೆರೆಯನ್ನು ಮೊದಲು ಎಳೆದು, ಅಕ್ಷರವನ್ನು ಆಮೇಲೆ ಕೂರಿಸಬೇಕು, ಅಷ್ಟೆ. ನಮ್ಮಲ್ಲಿ ಬಹುಪಾಲು ಕೆಲಸ ಇದರ ತಿರುವುಮುರುವಾಗಿ ನಡೆಯುತ್ತದೆ. ಚಿತ್ರವೆಲ್ಲ ಮುಗಿದ ಮೇಲೆ ಮೂಲೆ ಕತ್ತರಿಸುತ್ತಾರೆ.

ಹುಡುಗ ಮಾತ್ರ ಗೆರೆಯಿಂದಲೇ ಶುರು ಮಾಡಿದ. ಹಳೆಯ ಫೈಲನ್ನು ಬದಿಗೆ ಸರಿಸಿ ಹೊಸ ಪುಟ ತೆರೆದ. ಬಾಟಲಿಯನ್ನು ಸ್ಕೇಲಿನಿಂದ ಅಳೆದು 80ಕ್ಕೆ 50 ಸಾಕು ಎಂದ. ತ್ರಿಜ್ಯ 5ಕ್ಕೆ ಅಕ್ಕನನ್ನು ಒಪ್ಪಿಸಿದ. ಮಜೆಂತಾ ಬಣ್ಣದ ತೆಳು ಗೆರೆಯಲ್ಲಿ ಆಕಾರ ಎಳೆದು, ಬೇರೆಯದೇ ಲೇಯರಿನಲ್ಲಿಟ್ಟು ಬೀಗ ಹಾಕಿದ. ಅದು ಕಟಿಂಗ್ ಲೈನು. ಅಲಗಿಗೆ ದಾರಿ ತೋರಿಸುವ ಗೆರೆ, ಪ್ರಿಂಟಿಗೆ ಹೋಗಕೂಡದ ಗೆರೆ. ಅದನ್ನು ಪ್ರತ್ಯೇಕ ಸ್ಪಾಟ್ ಬಣ್ಣವಾಗಿ ಹೆಸರಿಸದೆ ಚಿತ್ರದ ಜೊತೆಗೇ ಬೆರೆಸಿದರೆ, ಸಾವಿರಾರು ಲೇಬಲ್ಲಿನ ಅಂಚಿನಲ್ಲಿ ಗುಲಾಬಿ ಕೂದಲೆಳೆಯೊಂದು ಅಚ್ಚಾಗಿ ಕೂರುತ್ತದೆ.

ಹಳದಿ ಹಿನ್ನೆಲೆಗೆ ಮಾತ್ರ ಅವನು ಮೂಲೆ ಗುಂಡಗೆ ಮಾಡಲಿಲ್ಲ. ಹೊಸದಾಗಿ ಕಲಿಯುವವರಿಗೆ ಇದು ವಿಚಿತ್ರವೆನ್ನಿಸುತ್ತದೆ. ಗುಂಡು ಲೇಬಲ್ಲಿಗೆ ಗುಂಡು ಹಿನ್ನೆಲೆ ಎಂದು ಕೈ ತಾನಾಗಿ ಹೋಗುತ್ತದೆ. ಆದರೆ ಬಣ್ಣ ಕಟಿಂಗ್ ಲೈನಿನಿಂದ ಆಚೆಗೆ 3 ಮಿ.ಮೀ. ಚಾಚಿರಬೇಕು, ಮೂಲೆಗಳಲ್ಲಿ ಚೌಕವಾಗಿಯೇ ಇರಬೇಕು. ಇದು ಬ್ಲೀಡು. ಅಲಗು ಅರ್ಧ ಮಿಲಿಮೀಟರು ಅತ್ತಿತ್ತ ಸರಿದರೂ ಸಿಗುವುದು ಬಣ್ಣವೇ. ಹಿನ್ನೆಲೆಯನ್ನೂ ಅದೇ ತ್ರಿಜ್ಯಕ್ಕೆ ಗುಂಡಗೆ ಮಾಡಿಟ್ಟರೆ, ಅಲಗು ಸರಿದ ಕಡೆ ಮೂಲೆಯಲ್ಲಿ ಬಿಳಿಯ ಸೀಳು ಇಣುಕುತ್ತದೆ. ಗುಂಡು ಮಾಡುವುದು ಅಲಗಿನ ಕೆಲಸ, ಬಣ್ಣದ್ದಲ್ಲ.

ಬಾರ್ಡರಿನ ಚರ್ಚೆ ದೀರ್ಘವಾಗಿ ನಡೆಯಿತು. ಹಳೆಯ ಲೇಬಲ್ಲಿನ ಕಂದು ಬಾರ್ಡರು ಅಕ್ಕನಿಗೆ ಬಲು ಇಷ್ಟ, ಅದೂ ಅಂಚಿಗೆ ಒತ್ತಿಕೊಂಡೇ ಬೇಕು. ಹುಡುಗನದು ತಾಳ್ಮೆಯ ಉತ್ತರ: “ಅಂಚಿಗೆ ಒಂದು ಎಂಎಂ ಬಿಟ್ಟು ಹಾಕಿದ್ರೆ ಅಕ್ಕಾ, ಕತ್ತರಿಸೋ ಪಂಚಿಂಗ್‌ನಲ್ಲಿ ಅರ್ಧ ಎಂಎಂ ಸರಿದರೂ ಈ ಕಡೆ ಅರ್ಧ, ಆ ಕಡೆ ಒಂದೂವರೆ. ಎದ್ದು ಕಾಣುತ್ತೆ. ಮೂರು ಎಂಎಂ ಬಿಡೋಣ. ಸರಿದರೂ ಎರಡೂವರೆ, ಮೂರೂವರೆ. ಕಣ್ಣಿಗೆ ಗೊತ್ತಾಗಲ್ಲ.” ಅಕ್ಕ ಒಪ್ಪಿದರು.

ಆಮೇಲೆ ಅವನು ಹಳೆಯ ಬಾರ್ಡರನ್ನೇ ತಂದು 80ಕ್ಕೆ 50ರ ಅಳತೆಗೆ ಎಳೆದು ತೋರಿಸಿದ. ಅಗಲ ಒಂದು ಪ್ರಮಾಣದಲ್ಲಿ, ಎತ್ತರ ಇನ್ನೊಂದು ಪ್ರಮಾಣದಲ್ಲಿ ಕುಗ್ಗಿತ್ತು. 6 ಮಿ.ಮೀ. ಇದ್ದ ಮೂಲೆ ಅಡ್ಡಕ್ಕೆ 5.3, ಉದ್ದಕ್ಕೆ 5 ಆಗಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಇಂಥ ಮೂಲೆ ಬಿಡಿಯಾಗಿ ನೋಡಿದರೆ ತಿಳಿಯುವುದಿಲ್ಲ. ಪಕ್ಕದಲ್ಲೇ ಅಲಗು ಕೊರೆದ ನಿಜವಾದ ಕಂಸ ಬಂದು ನಿಂತಾಗ ಸೊಟ್ಟ ಎದ್ದು ಕಾಣುತ್ತದೆ. ಹಾಗಾಗಿ ಎಳೆಯುವುದು ಬೇಡ, ಹೊಸದಾಗಿಯೇ ಬರೆಯಬೇಕು. ಬರೆಯುವಾಗಲೂ ಒಂದು ಎಚ್ಚರ ಬೇಕು. ಹೊರಗಿನ ತ್ರಿಜ್ಯ 5 ಎಂದು ಒಳಗೂ 5 ಕೊಟ್ಟರೆ, ಬದಿಯಲ್ಲಿ 3 ಮಿ.ಮೀ. ಇರುವ ಹಳದಿ ಪಟ್ಟಿ ಮೂಲೆಯಲ್ಲಿ 4.2 ಮಿ.ಮೀ. ಆಗಿ ಊದಿಕೊಳ್ಳುತ್ತದೆ. ಎರಡೂ ಕಂಸಗಳ ಕೇಂದ್ರ ಒಂದೇ ಆಗಬೇಕು. ಹೊರಗಿನ ತ್ರಿಜ್ಯದಲ್ಲಿ ಒಳಸರಿದಷ್ಟನ್ನು ಕಳೆದರೆ ಒಳಗಿನ ತ್ರಿಜ್ಯ. ಇಲ್ಲಿ ಐದರಲ್ಲಿ ಮೂರು ಹೋಗಿ ಎರಡು. ಕೋರೆಲ್‌ನ ಕಾಂಟೂರ್ ಟೂಲಿಗೆ ಒಳಗೆ 3 ಮಿ.ಮೀ. ಎಂದರೆ ಈ ಲೆಕ್ಕ ಅದೇ ಮಾಡಿಕೊಡುತ್ತದೆ. ಅವನು ಮೊದಲು 5 ಇಟ್ಟು, ಆಮೇಲೆ 2 ಇಟ್ಟು ತೋರಿಸಿದಾಗ, ಡಿಸೈನಿನ ಗಂಧವಿಲ್ಲದ ಅಕ್ಕ ಕೂಡ ಎರಡನೆಯದರ ಕಡೆಗೇ ಬೆರಳು ಮಾಡಿದರು.

ಆ ಕಂಸವನ್ನು ಅವನು ಪರದೆಯ ತುಂಬ ದೊಡ್ಡದು ಮಾಡಿದಾಗ ಕಂಡದ್ದು ಎರಡೇ ನೋಡ್. ನೇರ ಗೆರೆ ಮುಗಿಯುವಲ್ಲಿ ಒಂದು, ಮತ್ತೊಂದು ನೇರ ಗೆರೆ ಶುರುವಾಗುವಲ್ಲಿ ಒಂದು. ಎರಡರಿಂದಲೂ ಹೊರಟ ಕಡ್ಡಿಗಳಂಥ ಹ್ಯಾಂಡಲ್‌ಗಳು ಗೆರೆಯನ್ನು ಬಾಗಿಸುತ್ತವೆ. ವೆಕ್ಟರ್ ಎಂದರೆ ಇದೇ. ಚಿತ್ರ ಚುಕ್ಕಿಗಳ ರಾಶಿಯಲ್ಲ, ಬಿಂದುಗಳ ನಡುವಿನ ಗಣಿತ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಈ ಬಾಗುಗೆರೆ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಇದರ ಗಣಿತ ಕಟ್ಟಿದರು. ರೆನೋ ಕಂಪನಿಯ ಪಿಯರ್ ಬೆಜಿಯೆ 1960ರ ದಶಕದಲ್ಲಿ ಅದನ್ನೇ ಸ್ವತಂತ್ರವಾಗಿ ಬೆಳೆಸಿ ಜಗತ್ತಿಗೆ ತಿಳಿಸಿದರು, ಹೆಸರೂ ಅವರದೇ ಉಳಿಯಿತು. ಕಾರಿನ ಬಾನೆಟ್ಟಿನ ಉಬ್ಬನ್ನು ಯಂತ್ರಕ್ಕೆ ಅರ್ಥ ಮಾಡಿಸಲು ಹುಟ್ಟಿದ ಗೆರೆ ಪೋಸ್ಟ್‌ಸ್ಕ್ರಿಪ್ಟ್ ಮೂಲಕ ಮುದ್ರಣಕ್ಕೆ ಬಂತು.

ಬೆಜಿಯೆ ಗೆರೆಯಿಂದ ನಿಖರ ವೃತ್ತ ಬರೆಯಲು ಬರುವುದಿಲ್ಲ ಎಂಬುದು ಇದರಲ್ಲಿನ ಸೊಗಸಾದ ಸಂಗತಿ. ಹತ್ತಿರ ಹೋಗಬಹುದು, ಅಷ್ಟೆ. ಕಾಲು ವೃತ್ತಕ್ಕೆ ಹ್ಯಾಂಡಲಿನ ಉದ್ದ ತ್ರಿಜ್ಯದ 0.5523ರಷ್ಟಿದ್ದರೆ ತಪ್ಪು ಸಾವಿರಕ್ಕೆ ಒಂದು ಪಾಲೂ ಇಲ್ಲ. 5 ಮಿ.ಮೀ. ಮೂಲೆಯಲ್ಲಿ ಅದು ಕೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಸಣ್ಣದು. ಆ ಎರಡು ನೋಡ್ ಸಾಕು. ಫೋಟೋದಿಂದ ಆಟೋ ಟ್ರೇಸ್ ಮಾಡಿ ತಂದ ಫೈಲುಗಳಲ್ಲಿ ಒಂದೊಂದು ಮೂಲೆಗೂ ಹತ್ತಾರು ನೋಡ್ ಇರುತ್ತವೆ. ಪರದೆಯಲ್ಲಿ ನುಣುಪಾಗಿ ಕಂಡರೂ ಪ್ಲಾಟರಿನ ಸೂಜಿಯಂಥ ಚಾಕು ಪ್ರತಿ ನೋಡ್‌ನಲ್ಲೂ ಮುಗ್ಗರಿಸುತ್ತ ಹೋಗಿ ಮೂಲೆ ಹಲ್ಲುಹಲ್ಲಾಗುತ್ತದೆ.

ಮೂಲೆಗಳ ಲೋಕವೇ ದೊಡ್ಡದು. ಎಟಿಎಂ ಕಾರ್ಡಿನ ಅಳತೆ ಜಗತ್ತಿಗೆಲ್ಲ ಒಂದೇ: 85.60ಕ್ಕೆ 53.98 ಮಿ.ಮೀ., ಮೂಲೆಯ ತ್ರಿಜ್ಯ 2.88ರಿಂದ 3.48ರೊಳಗೆ. ಆಧಾರ್‌ನ ಪಿವಿಸಿ ಕಾರ್ಡೂ ಇದೇ ಅಚ್ಚಿನದು. ಮೊಬೈಲ್ ಕವರಿನ ಮೇಲೆ ಯುವಿ ಪ್ರಿಂಟ್ ಹೊಡೆಯುವವರಿಗೆ ಇನ್ನೂ ಕಷ್ಟ. ಹಲವು ಫೋನುಗಳ ಮೂಲೆ ಕಾಲು ವೃತ್ತವೇ ಅಲ್ಲ. ನೇರ ಗೆರೆ ಮೆಲ್ಲನೆ ಬಾಗಲು ತೊಡಗಿ ಮೆಲ್ಲನೆ ನೇರವಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಮೆ 19ನೇ ಶತಮಾನದಲ್ಲಿ ಬರೆದಿಟ್ಟ ವಕ್ರರೇಖೆಯ ನೆಂಟಸ್ತಿಕೆ ಅದು. ಅಲ್ಲಿ ತ್ರಿಜ್ಯದ ಲೆಕ್ಕ ನಡೆಯುವುದಿಲ್ಲ, ಆ ಮಾಡೆಲಿನ ಟೆಂಪ್ಲೇಟೇ ಬೇಕು.

ಅಕ್ಕನ ಲೇಬಲ್ಲಿಗೆ ಅಕ್ಷರ ಕೂರಿಸುವ ಹೊತ್ತು. ಹೆಸರು, ಸಂಘದ ವಿಳಾಸ, ಹಸಿರು ಚೌಕದೊಳಗಿನ ಹಸಿರು ಚುಕ್ಕಿ, ಆಹಾರ ಪರವಾನಗಿಯ 14 ಅಂಕಿ, ಬಾರ್‌ಕೋಡು. ಬಾರ್‌ಕೋಡನ್ನು ಹಳೆಯ ಲೇಬಲ್ಲಿನಲ್ಲಿ ಎಡ ಮೂಲೆಗೆ ತುರುಕಿದ್ದರು. ಗೆರೆಗಳ ಎಡಕ್ಕೆ ಮೂರೂವರೆ ಮಿ.ಮೀ.ಗೂ ಹೆಚ್ಚು, ಬಲಕ್ಕೆ ಎರಡು ಮಿ.ಮೀ.ಗೂ ಹೆಚ್ಚು ಖಾಲಿ ಜಾಗವಿರಬೇಕು, ಇಲ್ಲದಿದ್ದರೆ ಸ್ಕ್ಯಾನರಿಗೆ ಎಲ್ಲಿ ಶುರು, ಎಲ್ಲಿ ಕೊನೆ ತಿಳಿಯುವುದಿಲ್ಲ. ಹುಡುಗ ಅದನ್ನು ಮೂಲೆಯಿಂದ ಬಿಡಿಸಿ, ಬದಿಯ ನಡುಭಾಗಕ್ಕೆ ತಂದು, ಏಣಿಯ ಮೆಟ್ಟಿಲಿನಂತೆ ಗೆರೆಗಳು ಅಡ್ಡ ಬರುವ ಹಾಗೆ ತಿರುಗಿಸಿದ. ಬಾಟಲಿಯ ಉಬ್ಬಿನಲ್ಲಿ ಉದ್ದ ಗೆರೆಗಳು ಬಾಗಿ ಒಂದಕ್ಕೊಂದು ಹತ್ತಿರವಾಗಿ ಕಾಣುತ್ತವೆ, ಅಡ್ಡ ಗೆರೆಗಳಿಗೆ ಆ ತೊಂದರೆಯಿಲ್ಲ.

ಕನ್ನಡ ಟೈಪು ಮಾಡಿದ್ದು ನುಡಿ ಫಾಂಟಿನಲ್ಲಿ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆದ್ದರಿಂದ ಪ್ರಿಂಟಿಗೆ ಕಳಿಸುವ ಮುನ್ನ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಕರ್ವ್ ಮಾಡುತ್ತಾರೆ. ಆ ಮೇಲೆ ಅದು ಅಕ್ಷರವಲ್ಲ, ಬರೀ ಆಕಾರ. ಇಲ್ಲಿಯೇ ಇನ್ನೊಂದು ಕನ್ನಡದ ತೊಡಕು. ಇಂಥ ಹಳೆಯ ಫಾಂಟುಗಳಲ್ಲಿ ಮೂಲಾಕ್ಷರ, ಗುಣಿತ, ಒತ್ತು ಎಲ್ಲ ಬಿಡಿ ತುಂಡುಗಳು, ಒಂದರ ಅಂಚು ಮತ್ತೊಂದರ ಮೇಲೆ ಹಾಯ್ದಿರುತ್ತದೆ. ಕರ್ವ್ ಆದ ತುಂಡುಗಳನ್ನು ‘ಕಂಬೈನ್’ ಮಾಡಿದರೆ ಹಾಯ್ದ ಜಾಗ ಬಿಳಿಯ ತೂತಾಗುತ್ತದೆ. ‘ವೆಲ್ಡ್’ ಮಾಡಿದರೆ ಬೆಸೆದುಕೊಂಡು ಇಡಿಯ ಅಕ್ಷರವಾಗುತ್ತದೆ. ಹುಡುಗ ‘ಪ್ಪ’ವನ್ನು ಪರದೆಯಷ್ಟು ದೊಡ್ಡದು ಮಾಡಿ, ವೆಲ್ಡ್ ಕೊಟ್ಟು, ತುಂಡುಗಳು ಕೂಡಿದವೇ ಎಂದು ಗೆರೆಯ ಗುಂಟ ಕಣ್ಣಾಡಿಸಿದ. ‘ತು’ವಿನ ಕೊಂಬು, ‘ಶು’ವಿನ ಕೊಂಬು, ‘ಸ್ತ್ರೀ’ಯ ಎರಡೂ ಒತ್ತು. ಕೊನೆಗೆ ಎಲ್ಲ ಆಕಾರಗಳನ್ನೂ, ಒತ್ತುಗಳೂ ಸೇರಿ, ಒಂದು ಚೌಕದಲ್ಲಿ ಬಂಧಿಸಿ, ಆ ಚೌಕದ ಕೆಳಮೂಲೆಯಿಂದ ಕಟಿಂಗ್ ಲೈನಿಗೆ ಎಷ್ಟು ಜಾಗವಿದೆ ಅಳೆದ. ‘ಗ್ರಾಂ’ನ ರಕಾರದ ಒತ್ತು ಈಗ ಕಂದು ಬಾರ್ಡರಿನ ಒಳಗೆ ನಿರಾಳವಾಗಿ ತೂಗುತ್ತಿತ್ತು. ಸಣ್ಣ ಅಕ್ಷರಗಳಿಗೆಲ್ಲ ಕಪ್ಪೊಂದೇ ಬಣ್ಣ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ಕೂದಲೆಳೆಯಷ್ಟು ಸರಿದರೂ ನಮ್ಮ ಅಕ್ಷರಗಳ ಪುಟ್ಟ ಹೊಟ್ಟೆಗಳು ಮುಚ್ಚಿಹೋಗುತ್ತವೆ.

ಅಕ್ಕನಿಗೆ ಬೇಕಿದ್ದದ್ದು 5,000 ಲೇಬಲ್ಲು. ಹನ್ನೆರಡು-ಹದಿನೆಂಟು ಇಂಚಿನ ಸ್ಟಿಕ್ಕರ್ ಶೀಟಿನಲ್ಲಿ, ನಡುವೆ 3 ಮಿ.ಮೀ. ಬಿಟ್ಟು ಜೋಡಿಸಿದರೆ ಒಂದು ರೀತಿಯಲ್ಲಿ 24 ಕೂರುತ್ತವೆ, ತಿರುಗಿಸಿ ಜೋಡಿಸಿದರೆ 25. ಆ ಒಂದರಿಂದ 209 ಶೀಟು ಬೇಕಾಗಿದ್ದ ಕೆಲಸ 200ಕ್ಕೆ ಇಳಿಯಿತು. ಚೂಪು ಮೂಲೆಯ ಲೇಬಲ್ಲನ್ನು ಒಂದಕ್ಕೊಂದು ತಾಗಿಸಿ ಒಂದೇ ಗೆರೆಯಲ್ಲಿ ಸೀಳಬಹುದಿತ್ತು. ಗುಂಡು ಮೂಲೆಗೆ ಆ ಸೌಕರ್ಯವಿಲ್ಲ, ನಡುವಿನ ಮೂರು ಮಿಲಿಮೀಟರು ವೇಸ್ಟಾಗಲೇಬೇಕು. ಹಳದಿಯನ್ನು ಅವನು ಬಿಡಿಬಿಡಿಯಾಗಿ ಇಡದೆ ಇಪ್ಪತ್ತೈದರ ಕೆಳಗೂ ಒಂದೇ ಹಾಸಾಗಿ ಹರಡಿದ. ಆಗ ಯಾವ ಅಂಚಿಗೂ ಬಣ್ಣದ ಕೊರತೆಯಿಲ್ಲ.

ಕಟಿಂಗ್ ಲೈನಿನ ಲೇಯರಷ್ಟೇ ಬೇರೆ ಫೈಲಾಗಿ ಪಕ್ಕದ ರಸ್ತೆಯ ಡೈ ಮಾಡುವವರಿಗೆ ಹೋಯಿತು. ಅಲ್ಲಿ ಅದು ಮತ್ತೆ ವಸ್ತುವಾಗುತ್ತದೆ. ಲೇಸರು ಪ್ಲೈವುಡ್ಡಿನಲ್ಲಿ ಅದೇ ಗೆರೆಯ ಸೀಳು ಕೊರೆಯುತ್ತದೆ. 0.7 ಮಿ.ಮೀ. ದಪ್ಪದ, 23.8 ಮಿ.ಮೀ. ಎತ್ತರದ ಉಕ್ಕಿನ ಪಟ್ಟಿಯನ್ನು ಬೆಂಡಿಂಗ್ ಮಷೀನಿಗೆ ಕೊಟ್ಟು, 5 ಮಿ.ಮೀ. ಅಚ್ಚಿನ ಮೇಲೆ ಹಿಡಿದು, ಹಿಡಿಕೆ ಎಳೆದು ಬಗ್ಗಿಸುತ್ತಾರೆ. ಇಪ್ಪತ್ತೈದು ಲೇಬಲ್ಲು, ನೂರು ಮೂಲೆ. ಅರವತ್ತರ ಆಸುಪಾಸಿನ ಮೇಸ್ತ್ರಿ ಒಂದೊಂದು ಬಾಗನ್ನೂ ಹೆಬ್ಬೆರಳಿನಿಂದ ಸವರಿ ನೋಡಿ, ನೈಲಾನ್ ಸುತ್ತಿಗೆಯಿಂದ ಸೀಳಿಗೆ ಬಡಿದು ಕೂರಿಸುತ್ತಾರೆ. ಪಟ್ಟಿಯ ಎರಡು ತುದಿ ಕೂಡುವ ಜಾಯಿಂಟನ್ನು ಎಂದೂ ಮೂಲೆಗೆ ತರುವುದಿಲ್ಲ. ನೇರ ಬದಿಯಲ್ಲಿಯೇ ಅದರ ಜಾಗ. ಮೂಲೆಯಲ್ಲಿ ಜಾಯಿಂಟು ಬಂದರೆ ಅಲ್ಲೊಂದು ಕತ್ತರಿಸದ ಎಳೆ ಉಳಿದು, ಜಾಲರಿ ಎಳೆಯುವಾಗ ಲೇಬಲ್ಲೂ ಜೊತೆಗೇ ಎದ್ದು ಬರುತ್ತದೆ. ಅಲಗಿನ ಎರಡೂ ಬದಿಗೆ ರಬ್ಬರ್ ತುಂಡು ಅಂಟಿಸಿದರೆ ಡೈ ಸಿದ್ಧ. ಒತ್ತಿದ ಮೇಲೆ ಕಾಗದವನ್ನು ಅಲಗಿನಿಂದ ಹೊರದೂಡುವುದು ಆ ರಬ್ಬರು.

ಮಾರನೆಯ ಮಧ್ಯಾಹ್ನ ಪಂಚಿಂಗ್. ಪ್ರಿಂಟಾದ ಶೀಟುಗಳ ಜೊತೆ ಹುಡುಗ ಯಾವ ಅಂಚನ್ನು ತಾಗಿಸಿ ಶೀಟು ಕೊಡಬೇಕೆಂದು ಬಾಣದ ಗುರುತು ಬರೆದು ಕಳಿಸಿದ್ದ. ಪ್ರಿಂಟು ಒಂದು ಅಂಚಿನಿಂದ ಅಳೆದು, ಪಂಚಿಂಗು ಇನ್ನೊಂದು ಅಂಚಿನಿಂದ ಅಳೆದರೆ ಕಾಗದದ ಅಳತೆಯಲ್ಲಿರುವ ವ್ಯತ್ಯಾಸವೆಲ್ಲ ಲೇಬಲ್ಲಿನ ಮೇಲೆ ಬೀಳುತ್ತದೆ. ಮಷೀನಿನವರು ಮೊದಲು ಎರಡು ವೇಸ್ಟ್ ಶೀಟು ಒತ್ತಿ, ತಿರುಗಿಸಿ ಹಿಂಬದಿ ನೋಡಿದರು. ಎಡಗಡೆ ಅಲಗು ರಿಲೀಸ್ ಪೇಪರಿನೊಳಕ್ಕೂ ಇಳಿದಿತ್ತು, ಬಲಗಡೆ ಎರಡು ಮೂಲೆಗಳಲ್ಲಿ ಸ್ಟಿಕ್ಕರೇ ಪೂರ್ತಿ ಸೀಳಿರಲಿಲ್ಲ. ಸೀಳದ ಜಾಗದ ಹಿಂದೆ ತೆಳು ಟೇಪಿನ ಚೂರು ಅಂಟಿಸಿ, ಒತ್ತಡ ತುಸು ತಗ್ಗಿಸಿ, ಮತ್ತೆ ಒತ್ತಿದರು. ಈ ಸಲ ಜಾಲರಿಯ ಒಂದು ಮೂಲೆ ಹಿಡಿದು ಎಳೆದಾಗ ಇಪ್ಪತ್ತೈದು ಲೇಬಲ್ಲುಗಳನ್ನು ಹಿಂದೆ ಬಿಟ್ಟು ಇಡಿಯ ಜಾಲ ಒಂದೇ ಸಲಕ್ಕೆ ಎದ್ದು ಬಂತು. ಶೀಟಿನ ನಡುವಿನಿಂದ ಒಂದು ಲೇಬಲ್ಲು ಬಿಡಿಸಿ ಅಕ್ಕ ಬಾಟಲಿಗೆ ಅಂಟಿಸಿದರು. ನಾಲ್ಕೂ ಮೂಲೆಗೆ ಉಗುರು ಹಾಕಿ ಎಬ್ಬಿಸಲು ನೋಡಿದರು. ಏಳಲಿಲ್ಲ.

“ಮುರುಗಲ ಜ್ಯೂಸಿಗೂ ಒಂದು ಇಂಥದ್ದೇ ಮಾಡ್ಸೂದು ಇದ್ದು ತಮಾ.”

“ಡೈ ಇಲ್ಲೇ ಇರುತ್ತೆ ಅಕ್ಕಾ. ಅಳತೆ ಬದಲಾಯಿಸಬೇಡಿ, ಪ್ರಿಂಟಿಂಗ್ ಖರ್ಚು ಅಷ್ಟೇ ಆಗೋದು. ಮ್ಯಾಟರ್ ಕಳಿಸಿ, ಈ ಗೆರೆ ಇಟ್ಕೊಂಡೇ ಅಕ್ಷರ ಕೂರಿಸ್ತೀನಿ.”

ಅವನು ಡೈ ಹಲಗೆಯ ಹಿಂಬದಿಗೆ ಮಾರ್ಕರಿನಲ್ಲಿ ‘ಜೇನು, 80x50, ಆರ್ 5, ಗ್ಯಾಪ್ 3’ ಎಂದು ಬರೆದು, ಗೋಡೆಗೆ ಒರಗಿಸಿದ ಹತ್ತಾರು ಹಲಗೆಗಳ ಸಾಲಿಗೆ ಸೇರಿಸಿ, ಮೆಟ್ಟಿಲ ಬಳಿ ಕಾಯುತ್ತಿದ್ದ ಮುಂದಿನ ಪಾರ್ಟಿಯ ಪೆನ್‌ಡ್ರೈವಿಗೆ ಕೈ ಚಾಚಿದ.